ಚುಕ್ಕಿ ಬಿಡ್ರಿ, ಕಡ್ಡಿ ನೋಡ್ರಿ

ಅವರು ತೀರಿಹೋದ ಸುದ್ದಿ ಬಂದಾಗ ನಾನು ಅರ್ಧ ದಾರಿಯಿಂದ ಮನೆಗೆ ವಾಪಸು ಹೋಗುತ್ತಿದ್ದೆ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ನೋಡಲು. ಇಂಥ ಸುದ್ದಿ ಬರುವ ಹೊತ್ತಿಗೆ ಮನುಷ್ಯ ಏನಾದರೂ ಘನವಾದ ಕೆಲಸದಲ್ಲಿರಬೇಕು. ನನ್ನ ಪಾಲಿಗೆ ಬಂದದ್ದು ಇದು. ನಾಗಸಂದ್ರ ಮೆಟ್ರೊ ನಿಲ್ದಾಣದ ಕೆಳಗೆ, ಹೂವಿನ ಗಾಡಿಯ ಪಕ್ಕ ನಿಂತು ಫೋನ್ ಎತ್ತಿದೆ. “ಅಕ್ಕ ಮುಂಜಾನೆ ಹೋದ್ಲುರಿ” ಎಂದರು ಅವರ ತಂಗಿ. “ಹೌದಾ” ಎಂದೆ. ಮಾತು ಮುಗಿದ ಮೇಲೂ ಕಾಲುಗಳು ಮನೆಯ ಕಡೆಗೇ ನಡೆದವು. ಗ್ಯಾಸ್ ಆಫ್ ಆಗಿಯೇ ಇತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವರಿದ್ದಿದ್ದರೆ ಕೇಳುತ್ತಿದ್ದರು: “ಎಷ್ಟು ಡೌಟ್ ಐತ್ರಿ ಸಾಹೇಬ್ರ? ಇಷ್ಟೋ, ಇಷ್ಟೋ?” ಹಾಗೆ ಕೇಳುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಸಂದು ಬಿಟ್ಟು ಹಿಡಿಯುತ್ತಿದ್ದರು. ಬದುಕಿನಲ್ಲಿ ಅವರು ಆಡಿದ ಯಾವ ಮಾತೂ ಆ ಸಂದು ಇಲ್ಲದೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. “ನಾಳೆ ರಜಾ ಹಾಕ್ತೀನ್ರಿ” ಎಂದರೆ ಸಣ್ಣ ಸಂದು. “ಮ್ಯಾನೇಜರ್ ಒಳ್ಳೆಯವ್ರದಾರ” ಎಂದರೆ ಬೆರಳುಗಳು ಚಾಚುವಷ್ಟೂ ಚಾಚುತ್ತಿದ್ದವು.

ಅವರ ಹೆಸರು ಬರೆಯುವುದಿಲ್ಲ. ಅದು ಅಚ್ಚಾಗಿರುವುದು ವಿಜ್ಞಾನದ ಪ್ರಬಂಧಗಳಲ್ಲಿ ಮಾತ್ರ, ನೂರಾರು ಹೆಸರುಗಳ ನಡುವೆ, ಅಕ್ಷರಮಾಲೆಯ ಅನುಕ್ರಮದಲ್ಲಿ. ಅಲ್ಲಿ ಅದು ಅವರಿಗೆ ಸಮಾಧಾನವಾಗಿಯೇ ಇತ್ತು. ಅಲ್ಲಿಂದ ಎತ್ತಿ ತಂದು ಇಲ್ಲಿ ಒಂಟಿಯಾಗಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಆಫೀಸಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಇಲ್ಲೂ ಮೇಡಂ ಎಂದೇ ಇರಲಿ.

ರಾಣೆಬೆನ್ನೂರಿನ ಕಡೆಯವರು. ಅಪ್ಪ ಹೈಸ್ಕೂಲ್ ಹೆಡ್ಮಾಸ್ತರು, ಹಣೆಯ ಮೇಲೆ ವಿಭೂತಿ ಇಲ್ಲದೆ ಗಣಿತ ಹೇಳಿಕೊಟ್ಟವರಲ್ಲ ಎನ್ನುತ್ತಿದ್ದರು. ಮೇಡಂ ಓದಿದ್ದು ಕಣ ಭೌತಶಾಸ್ತ್ರ. ಪರದೇಶದಲ್ಲಿ ನೆಲದಡಿ ಸುರಂಗ ಕೊರೆದು ಕಣಗಳನ್ನು ಡಿಕ್ಕಿ ಹೊಡೆಸುತ್ತಾರಲ್ಲ, ಅಂಥ ಒಂದು ದೊಡ್ಡ ಪ್ರಯೋಗದ ತಂಡದಲ್ಲಿ ವರ್ಷಗಟ್ಟಲೆ ಇದ್ದರು. ಮದುವೆ ಆಗಲಿಲ್ಲ. ಕಾಯಂ ಕೆಲಸವೂ ಆಗಲಿಲ್ಲ. ವಯಸ್ಸಿನ ಮಿತಿ ದಾಟಿತು ಎಂದು ಅವರಿದ್ದ ಸಂಶೋಧನಾ ಸಂಸ್ಥೆ ಕೈಬಿಟ್ಟ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಸಾಫ್ಟ್‌ವೇರ್ ಕಂಪನಿಗೆ ಬಂದರು. ಪ್ರಯೋಗದ ತಂಡ ಮಾತ್ರ ಅವರನ್ನು ಅತಿಥಿ ಸದಸ್ಯೆಯಾಗಿ ಉಳಿಸಿಕೊಂಡಿತ್ತು. ಸಂಬಳವಿಲ್ಲದ ಆ ಸದಸ್ಯತ್ವವೇ ಅವರ ನಿಜವಾದ ಕೆಲಸ. ನಮ್ಮ ಕಂಪನಿ ಊಟಕ್ಕೆ.

ನಾನು ಅಲ್ಲಿ ಕ್ವಾಲಿಟಿ ವಿಭಾಗದವನು. ಅಂದರೆ ಎಲ್ಲರೂ ಎಲ್ಲ ಕಡೆ ಸಹಿ ಹಾಕಿದ್ದಾರೆಯೇ ಎಂದು ನೋಡುವವನು. ಹುಟ್ಟಾ ಅಂಜುಬುರುಕನಿಗೆ ಇದಕ್ಕಿಂತ ಒಳ್ಳೆಯ ಹುದ್ದೆ ಸಿಗಲಾರದು. ಅಂಜುವುದಕ್ಕೇ ಸಂಬಳ ಕೊಡುತ್ತಾರೆ. ಇಬ್ಬರೂ ನಾಗಸಂದ್ರದಲ್ಲಿ ಕಂಪನಿ ಬಸ್ಸು ಹತ್ತುವವರು. ನೈಸ್ ರೋಡಿನಲ್ಲಿ ನಗರವನ್ನು ಅರ್ಧ ಸುತ್ತು ಹಾಕಿ ಬಸ್ಸು ಆಫೀಸು ಮುಟ್ಟುವಷ್ಟರಲ್ಲಿ ಒಂದು ಸಂಸಾರದ ಕಥೆ ಹೇಳಿ ಮುಗಿಸಬಹುದು. ನಾನು ನನ್ನದನ್ನು ಮೊದಲ ವಾರವೇ ಮುಗಿಸಿಬಿಟ್ಟಿದ್ದೆ. ಬಿ.ಪಿ. ಮಾತ್ರೆಯನ್ನು ಪ್ಯಾಂಟಿನ ಜೇಬು, ಬ್ಯಾಗು, ಆಫೀಸಿನ ಡ್ರಾಯರು, ಎಲ್ಲ ಕಡೆ ಇಟ್ಟಿರುತ್ತೇನೆ ಎಂದು ಕೇಳಿ ಅವರು ಬಹಳ ಹೊತ್ತು ಯೋಚಿಸಿ ಹೇಳಿದ್ದರು:

“ಅಂಜೂದು ತಪ್ಪಲ್ರಿ. ಎಷ್ಟು ಅಂಜಬೇಕು ಅನ್ನೂದು ಅಳತಿ ಮಾಡ್ದ ಅಂಜ್ತೀರಲ್ಲ, ಅದು ತಪ್ಪು.”

“ಅಳತೆ ಮಾಡಿದ್ರೆ ಜಾಸ್ತಿ ಬಂದ್ರೆ ಏನ್ಮಾಡ್ಲಿ ಮೇಡಂ?”

“ಅದಕ್ಕೂ ಅಂಜಿದ್ರಿ ನೋಡ್ರಿ” ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಬಂದ ಹೊಸತರಲ್ಲಿ ಅವರಿಗೆ ಕೊಟ್ಟದ್ದು ಪೀಣ್ಯದ ಒಂದು ಕಾರ್ಖಾನೆಯ ಕೆಲಸ. ಬೇರಿಂಗಿನ ಉಂಗುರಗಳ ಮೇಲೆ ಬಿರುಕು ಇದೆಯೇ ಎಂದು ಕ್ಯಾಮೆರಾ ಫೋಟೋ ತೆಗೆಯುತ್ತದೆ, ನ್ಯೂರಲ್ ನೆಟ್‌ವರ್ಕ್ ಎಂಬ, ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮು ಅದನ್ನು ನೋಡಿ ಸರಿ ಇದ್ದರೆ ಹಸಿರು ದೀಪ, ಬಿರುಕಿದ್ದರೆ ಕೆಂಪು ದೀಪ ಹಚ್ಚಬೇಕು. ಮೇಡಂ ಹೇಳದೆ ಕೇಳದೆ ನಡುವೆ ಒಂದು ಹಳದಿ ದೀಪ ಸೇರಿಸಿದರು. ಫೋಟೋ ಮಸುಕಾಗಿದ್ದರೆ, ಎಣ್ಣೆಯ ಕಲೆ ಬಿರುಕಿನಂತೆ ಕಂಡರೆ, ಯಂತ್ರ ಹಳದಿ ಹಚ್ಚಿ ನನಗೆ ಗೊತ್ತಿಲ್ಲ ಎನ್ನುತ್ತಿತ್ತು. ನಾವು ಒಪ್ಪಿಸಲು ಹೋದ ದಿನ ಮಾಲೀಕರು ಸೊಂಟದ ಮೇಲೆ ಕೈ ಇಟ್ಟು ಹಳದಿ ದೀಪವನ್ನೇ ನೋಡುತ್ತ ನಿಂತರು.

“ಮೇಡಂ, ಗೊತ್ತಿಲ್ಲ ಅನ್ನೋಕೆ ನಂಗೆ ಮಷಿನ್ ಯಾಕೆ? ಅದಕ್ಕೆ ಅಂತಾನೇ ನಮ್ ಅಳಿಯನ್ನ ಇಟ್ಕೊಂಡಿದೀನಿ.”

“ಗೊತ್ತಿಲ್ದಾಗ ಗೊತ್ತೈತಿ ಅಂದ್ರ ನಿಮಗ ನಡೀತದೇನ್ರಿ?”

“ನಡೀತದೆ ಮೇಡಂ. ಇಷ್ಟು ವರ್ಷ ಅದ್ರಲ್ಲೇ ಫ್ಯಾಕ್ಟ್ರಿ ನಡ್ಸಿದೀನಿ.”

ಅಳಿಯ ಹಿಂದೆಯೇ ನಿಂತಿದ್ದರು, ಅವರೂ ನಕ್ಕರು. ನಮ್ಮ ಮ್ಯಾನೇಜರು ಅವತ್ತೇ ಹಳದಿ ದೀಪದ ವೈರು ತೆಗೆಸಿದರು. ದೀಪ ಮಾತ್ರ ಅಲ್ಲೇ ಉಳಿಯಿತು, ಕಿತ್ತರೆ ತೂತು ಕಾಣುತ್ತದೆ ಎಂದು. ಆಮೇಲೆ ಮೇಡಂ ಅವರನ್ನು ಆ ಕೆಲಸದಿಂದ ತೆಗೆದು ನಮ್ಮದೇ ಕ್ಯಾಂಟೀನಿನಲ್ಲಿ ನಾಳೆ ಎಷ್ಟು ಚಪಾತಿ ಬೇಕಾದೀತು ಎಂದು ಊಹಿಸುವ ಪ್ರಾಜೆಕ್ಟಿಗೆ ಹಾಕಿದರು. ಅವಮಾನ ಎಂದು ನನಗೆ ಅನ್ನಿಸಿತು. ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಚಪಾತಿಯ ಅಂದಾಜಿನ ಜೊತೆಗೂ ಹೆಚ್ಚು ಕಡಿಮೆ ಎಷ್ಟು ಎಂದು ಬರೆದು ಕಳಿಸುತ್ತಿದ್ದರು.

ಬಸ್ಸಿನಲ್ಲಿ ಅವರ ಮಡಿಲಲ್ಲಿ ಸದಾ ಲ್ಯಾಪ್‌ಟಾಪು. ತೆರೆಯ ಮೇಲೆ ಚುಕ್ಕಿಗಳ ಸಾಲು, ಪ್ರತಿ ಚುಕ್ಕಿಗೂ ಮೇಲೆ ಕೆಳಗೆ ಚಾಚಿದ ಒಂದು ಕಡ್ಡಿ. ಚುಕ್ಕಿ ಎಂದರೆ ಅಳೆದು ಸಿಕ್ಕ ಸಂಖ್ಯೆ, ಕಡ್ಡಿ ಎಂದರೆ ಅದು ಎಷ್ಟು ಆಚೀಚೆ ಇರಬಹುದು ಎಂಬ ಸಂಶಯ. ನಾನು ಬಾಗಿ ನೋಡಿದಾಗಲೆಲ್ಲ ಹೇಳುತ್ತಿದ್ದರು: “ಚುಕ್ಕಿ ಬಿಡ್ರಿ, ಕಡ್ಡಿ ನೋಡ್ರಿ. ಚುಕ್ಕಿ ಯಾರ ಬೇಕಾದ್ರೂ ಇಡ್ತಾರ. ಕಡ್ಡಿ ಎಷ್ಟುದ್ದ ಎಳೀತಾರ ಅನ್ನೂದ್ರಾಗ ಮನಶ್ಯಾ ಗೊತ್ತಾಗ್ತಾನ.”

ಅವರ ಕೆಲಸ ಏನೆಂದು ನನಗೆ ಅರ್ಥ ಮಾಡಿಸಿದ್ದು ತರಕಾರಿ ತಕ್ಕಡಿಯ ಉಪಮೆ ಹಿಡಿದು. ಡಿಕ್ಕಿಯಲ್ಲಿ ಸಿಡಿದ ಚೂರುಗಳ ಶಕ್ತಿಯನ್ನು ಒಂದು ಯಂತ್ರ ತೂಗುತ್ತದೆ. ಆ ತಕ್ಕಡಿ ಒಂಚೂರು ಹೆಚ್ಚು ತೋರಿಸುತ್ತದೋ ಕಡಿಮೆ ತೋರಿಸುತ್ತದೋ ಯಾರಿಗೂ ಪೂರ್ತಿ ಗೊತ್ತಿಲ್ಲ. ಲಕ್ಷಾಂತರ ಡಿಕ್ಕಿಗಳಲ್ಲಿ ಹೊಸ ಕಣದ ಗುರುತು ಇರುವ ಕೆಲವನ್ನು ನ್ಯೂರಲ್ ನೆಟ್‌ವರ್ಕ್ ಆರಿಸಬೇಕು. ಉಳಿದವರು ಏನು ಮಾಡುತ್ತಿದ್ದರೆಂದರೆ, ತಕ್ಕಡಿ ಸರಿ ಇದೆ ಎಂದುಕೊಂಡೇ ಅದಕ್ಕೆ ಕಲಿಸುವುದು, ಎಲ್ಲ ಮುಗಿದ ಮೇಲೆ ತಕ್ಕಡಿ ತಪ್ಪಿದ್ದರೆ ಎಷ್ಟು ಹಾಳಾದೀತು ಎಂದು ಲೆಕ್ಕ ಹಾಕುವುದು. ಮೇಡಂ ಕಲಿಸುವಾಗಲೇ ಒಂದೇ ಡಿಕ್ಕಿಯನ್ನು ಬೇರೆ ಬೇರೆ ತಪ್ಪು ತಕ್ಕಡಿಗಳಲ್ಲಿ ತೂಗಿ ತೋರಿಸುತ್ತಿದ್ದರು. ತಕ್ಕಡಿ ಬದಲಾದರೆ ಮಾತು ಬದಲಿಸುವ ಸುಳಿವುಗಳನ್ನು ನಂಬಬಾರದು ಎಂದು ಅದು ತಾನಾಗಿಯೇ ಕಲಿಯುತ್ತಿತ್ತು. ನೆಟ್‌ವರ್ಕಿಗೆ ಅವರು ಇಟ್ಟ ಹೆಸರು “ನಮ್ಮ ಹುಡುಗಿ”.

“ಉಳಿದವ್ರ ಹುಡುಗ್ಯಾರು ಭಾಳ ಶಾಣ್ಯಾರ್ರಿ, ಪಟಪಟ ಉತ್ತರ ಹೇಳ್ತಾರ. ನಮ್ಮಾಕಿ ದಡ್ಡಿ ಕಂಡಂಗ ಕಾಣ್ತಾಳ. ಆದ್ರ ಕಡೀಕ ಎಲ್ಲಾ ಸಂಶಯ ಸೇರಿಸಿ ಲೆಕ್ಕ ಹಾಕಿದ್ರ ನಮ್ಮಾಕಿ ಕಡ್ಡೀನ ಗಿಡ್ಡ.”

“ಅಂದ್ರೆ ಅವಳೂ ನನ್ನ ಥರ ಮೊದ್ಲೇ ಹೆದರ್ಕೊಂಡಿರ್ತಾಳೆ.”

“ಆಕಿ ಅಳತಿ ಮಾಡಿ ಅಂಜ್ತಾಳ” ಎಂದರು.

ಒಂದು ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿದಿತ್ತು. ತಕ್ಕಡಿ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂದುಕೊಂಡು ಹುಡುಗಿಗೆ ಕಲಿಸಬೇಕು? ಎರಡು ರೀತಿಯಲ್ಲಿ ಅಳೆದು ನೋಡಿದ್ದರು. ಒಂದರಲ್ಲಿ ತಪ್ಪಿನ ವ್ಯಾಪ್ತಿ ಕಿರಿದಾಗಿ ಬಂದಿತ್ತು, ಇನ್ನೊಂದರಲ್ಲಿ ಅಗಲವಾಗಿ. ಕಿರಿದನ್ನು ಹಿಡಿದರೆ ಹೊಸ ಕಣದ ಜಾಗದಲ್ಲಿ ಚುಕ್ಕಿಗಳು ಎದ್ದು ನಿಲ್ಲಬಹುದು, ಅಗಲವನ್ನು ಹಿಡಿದರೆ ಅವೇ ಸಪಾಟಾಗಿ ಮಲಗಬಹುದು. ಎರಡಕ್ಕೂ ಒಳ್ಳೆಯ ಕಾರಣಗಳಿದ್ದವು. ಆರಿಸಬೇಕಾದವರು ಮೇಡಂ.

ಆರಿಸುವವರೆಗೆ ಆ ತಂಡದಲ್ಲಿ ಒಂದು ಕಟ್ಟುನಿಟ್ಟು. ಹೊಸ ಕಣ ಕಾಣಿಸಿಕೊಳ್ಳಬಹುದಾದ ಜಾಗದ ಚುಕ್ಕಿಗಳನ್ನು ಯಾರೂ ನೋಡುವಂತಿಲ್ಲ. ಪ್ರೋಗ್ರಾಮಿನಲ್ಲೇ ಆ ಜಾಗವನ್ನು ಮುಚ್ಚಿರುತ್ತಾರೆ. ವಿಧಾನ ಪೂರ್ತಿ ನಿರ್ಧಾರವಾಗಿ, ಎಲ್ಲರೂ ಒಪ್ಪಿದ ಮೇಲೆಯೇ ತೆರೆಯುವುದು. ಉತ್ತರ ಪತ್ರಿಕೆಯ ರಿಜಿಸ್ಟರ್ ನಂಬರಿನ ಮೇಲೆ ಕಾಗದ ಅಂಟಿಸಿ ತಿದ್ದುತ್ತಾರಲ್ಲ, ಹಾಗೆ ಎಂದುಕೊಂಡೆ. ಯಾವ ಉತ್ತರ ಬಂದರೆ ಚೆನ್ನ ಎಂದು ಗೊತ್ತಾಗಿಬಿಟ್ಟರೆ ಅಳೆಯುವ ಕೈ ಆ ಕಡೆಗೇ ವಾಲುತ್ತದೆ. ವಾಲಿದ್ದು ಕೈಗೆ ಗೊತ್ತಾಗುವುದಿಲ್ಲ.

ಆ ಬೆಳಿಗ್ಗೆ ಬಸ್ಸು ಟೋಲ್ ಗೇಟಿನ ಸಾಲಿನಲ್ಲಿ ನಿಂತಿತ್ತು. ಮುಂದೆ ಒಂದು ಲಾರಿಯವನು ಗೇಟಿನವನ ಜೊತೆ ಜಗಳಕ್ಕೆ ಬಿದ್ದಿದ್ದ. ಮೇಡಂ ಹೊಸ ರೀತಿಯ ಪಾಠವೊಂದನ್ನು ಹುಡುಗಿಗೆ ಹೇಳಿಕೊಟ್ಟು ನೋಡಲೆಂದು ಪ್ರೋಗ್ರಾಮಿನ ಒಂದು ಪ್ರತಿ ಮಾಡಿಕೊಂಡಿದ್ದರು. ಪ್ರತಿ ಮಾಡುವಾಗ ಮುಚ್ಚುವ ಸಾಲೊಂದು ಬಿಟ್ಟುಹೋಗಿತ್ತು. ಅಷ್ಟೇ ಆದದ್ದು. ಚಿತ್ರ ತೆರೆದುಕೊಂಡಿತು. ಯಾವಾಗಲೂ ಬೂದು ಪಟ್ಟಿ ಇರುತ್ತಿದ್ದ ಜಾಗದಲ್ಲಿ ಚುಕ್ಕಿಗಳಿದ್ದವು.

ಅವರು ಗಾಬರಿಯಿಂದ ಮುಚ್ಚಲಿಲ್ಲ. ಮಲಗಿದ ಮಗುವಿಗೆ ಎಚ್ಚರವಾಗದಂತೆ ಬಾಗಿಲು ಹಾಕುತ್ತಾರಲ್ಲ, ಹಾಗೆ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದರು.

“ನೋಡಿಬಿಟ್ಟೆ ನೋಡ್ರಿ” ಎಂದರು. ನನ್ನ ಕಡೆ ತಿರುಗಿ, “ನೀವೂ ನೋಡಿದ್ರೇನು?”

“ನೋಡ್ದೆ ಮೇಡಂ. ಚುಕ್ಕಿ ಕಾಣಿಸ್ತು. ಏನೂ ಅರ್ಥ ಆಗ್ಲಿಲ್ಲ.”

“ಪುಣ್ಯವಂತ್ರು ನೀವು.”

ಏನಾಯಿತೆಂದು ನನಗೆ ತಿಳಿದದ್ದು ಬಸ್ಸು ಬನ್ನೇರುಘಟ್ಟ ರಸ್ತೆಯ ತಿರುವು ದಾಟಿದ ಮೇಲೆ, ಅವರೇ ಬಿಡಿಸಿ ಹೇಳಿದಾಗ. ನೋಡಿದ ಮೇಲೆ ಅವರು ಆ ಕೆಲಸದಲ್ಲಿ ಇರುವಂತಿಲ್ಲ. ಯೌವನ ಕಳೆದು ಕೂದಲು ಹಣ್ಣಾಗುವವರೆಗೆ ಬೆಳೆಸಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ಎದ್ದು ಬರಬೇಕು. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಎದೆ ಹೊಡೆದುಕೊಳ್ಳುವುದು ನನಗೆ ಹೊಸದಲ್ಲ; ಬೇರೆಯವರ ಸಲುವಾಗಿ ಹೊಡೆದುಕೊಂಡದ್ದು ಹೊಸದು.

“ಯಾರಿಗ್ ಗೊತ್ತಾಗುತ್ತೆ ಮೇಡಂ? ಲ್ಯಾಪ್‌ಟಾಪ್ ನಿಮ್ದು, ಬಸ್ಸು ನಮ್ದು. ನಾನಂತೂ ಬಾಯಿ ಬಿಡಲ್ಲ. ನಾನು ಕ್ವಾಲಿಟಿಯವ್ನು, ಎಷ್ಟೋ ಆಡಿಟ್ಟಲ್ಲಿ ಬಾಯಿ ಮುಚ್ಕೊಂಡು ಕೂತಿದೀನಿ.”

“ಖರೇ ಐತ್ರಿ. ಯಾರಿಗೂ ಗೊತ್ತಾಗಂಗಿಲ್ಲ.”

“ಮತ್ತೆ? ಯಾವ್ದು ಸರಿ ಅನ್ಸಿತ್ತೋ ಅದನ್ನೇ ಆರಿಸ್ಬಿಡಿ.”

“ಯಾವ್ದು ಅನಿಸಿತ್ತು ಅನ್ನೂದ ಈಗ ನೆನಪಾಗವಲ್ದಲ್ರಿ. ಒಂದು ಆರಿಸಿದ್ರ, ನನಗ ಬೇಕಾದ ಉತ್ತರದ ಆಸೆಗೆ ಬಿದ್ದಂಗ. ಇನ್ನೊಂದು ಆರಿಸಿದ್ರ, ನಾ ಪ್ರಾಮಾಣಿಕ ಹೆಣಮಗಳು ಅಂತ ತೋರಸೂ ಆಸೆಗೆ ಬಿದ್ದಂಗ. ಯಾವ್ದು ಆರಿಸಿದ್ರೂ ನಾ ಆರಿಸಿದ್ದಲ್ಲ ಅದು. ಆ ಚಿತ್ರ ಆರಿಸಿದ್ದು.”

ಬಸ್ಸು ಎಲೆಕ್ಟ್ರಾನಿಕ್ ಸಿಟಿಯ ಗೇಟು ಮುಟ್ಟುವವರೆಗೆ ನಾನು ವಾದ ಮಾಡುತ್ತಲೇ ಇದ್ದೆ. ಅವರು ತಲೆ ಅಲ್ಲಾಡಿಸುತ್ತ ಕೇಳಿದರು, ಒಂದು ಮಾತಿಗೂ ಬೇಸರ ಮಾಡಿಕೊಳ್ಳಲಿಲ್ಲ. ನಂತರ ಕ್ಯಾಂಟೀನಿಗೆ ಹೋಗಿ, ಒಂದು ಕಾಫಿ ತರಿಸಿ ಅದನ್ನು ಮುಟ್ಟದೆ, ತಂಡಕ್ಕೆ ಇ-ಮೇಲ್ ಬರೆದರು. ಮುಚ್ಚಿದ್ದು ನನ್ನ ತಪ್ಪಿನಿಂದ ತೆರೆಯಿತು, ನಾನು ನೋಡಿದ್ದೇನೆ, ನೋಡಿದ್ದು ಏನೆಂದು ಯಾರಿಗೂ ಹೇಳುವುದಿಲ್ಲ, ನನ್ನನ್ನು ಹೊರಗಿಡಿ. ಪಕ್ಕದಲ್ಲಿ ಕೂತಿದ್ದ ಒಬ್ಬರೂ ನೋಡಿದ್ದಾರೆ, ಅವರು ಈ ವಿಷಯ ತಿಳಿದವರಲ್ಲ ಎಂದೂ ಬರೆದರು. ಜಗತ್ತಿನ ಭೌತಶಾಸ್ತ್ರದ ದಾಖಲೆಯೊಳಗೆ ನಾನು ಸೇರಿದ್ದು ಹೀಗೆ, ಏನೂ ತಿಳಿಯದವನಾಗಿ. ಬರೆದು ಮುಗಿಸಿ, ಆ ಬೆಳಿಗ್ಗೆ ಕಲಿಸಿದ ಹುಡುಗಿಯನ್ನೂ ಚಿತ್ರವನ್ನೂ ಅಳಿಸಿ ಹಾಕಿದರು. ಇನ್ನೊಂದು ಸಲ ನೋಡುವ ಆಸೆ ಆಗಬಾರದು ಎಂದು.

ಉತ್ತರ ಬಹಳ ಸೌಜನ್ಯದಿಂದ ಬಂತು. ಇಂಥ ಪ್ರಾಮಾಣಿಕತೆ ಅಪರೂಪ, ಧನ್ಯವಾದ, ಇನ್ನು ಮುಂದೆ ಈ ಕೆಲಸದ ಸಭೆಗಳಿಗೆ ತಾವು ಬರಬೇಕಾಗಿಲ್ಲ. ಕೆಲಸ ಅವರ ಹಳೆಯ ವಿದ್ಯಾರ್ಥಿಯೊಬ್ಬರ ಕೈಗೆ ಹೋಯಿತು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಕಾಣುವುದು ಅವರ ಖಾಲಿ ಮಡಿಲು. ಮೊದಮೊದಲು ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮುಂದಿನ ಸೀಟಿನ ಕಂಬಿ ಹಿಡಿದು ಕೂರುತ್ತಿದ್ದರು. ಆಮೇಲೆ ಶೇಂಗಾ ತರತೊಡಗಿದರು. ದಾರಿಯುದ್ದಕ್ಕೂ ಸುಲಿದು ಬೀಜವನ್ನು ನನಗೆ ಕೊಟ್ಟು, ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿಯುತ್ತಿದ್ದರು. ನಾನು ಪಿತ್ತ ಆದೀತು ಎಂದು ಅಂಜುತ್ತಲೇ ತಿನ್ನುತ್ತಿದ್ದೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅವರಿಗೆ ಮಾಡಲು ಬೇರೆ ಏನೂ ಉಳಿದಿರಲಿಲ್ಲ.

ತಂಡದಿಂದ ಬರುವ ಪತ್ರಗಳನ್ನು ತಾವಾಗಿಯೇ ನಿಲ್ಲಿಸಿಕೊಂಡಿದ್ದರು. ಒಮ್ಮೆ ಆ ವಿದ್ಯಾರ್ಥಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. “ಬ್ಯಾಡಪಾ, ಏನೂ ಕೇಳಬ್ಯಾಡ. ನನ್ನ ದನಿಯಾಗ ಗೊತ್ತಾಗಿಬಿಟ್ಟೀತು ನಿನಗ” ಎಂದು ಫೋನ್ ಇಟ್ಟುಬಿಟ್ಟರು. ಮಗನಂತೆ ಬೆಳೆಸಿದ ಹುಡುಗನ ಜೊತೆ ಮಾತನ್ನೇ ಬಿಟ್ಟರು, ದನಿ ಏನಾದರೂ ಹೇಳಿಬಿಟ್ಟೀತೆಂದು.

ಎರಡು ವರ್ಷ ಹೀಗೆ ಕಳೆಯಿತು. ಕೊನೆಗೆ ಪ್ರಬಂಧ ಅಚ್ಚಾಯಿತು. ವಿದ್ಯಾರ್ಥಿ ಅಗಲದ ವ್ಯಾಪ್ತಿಯನ್ನು ಆರಿಸಿದ್ದರು. ಚುಕ್ಕಿಗಳು ಸಪಾಟಾಗಿ ಬಂದಿದ್ದವು. ಹೊಸ ಕಣದ ಸುಳಿವಿಲ್ಲ ಎಂದು ತೀರ್ಮಾನ. ಮೇಡಂ ಅದನ್ನು ಮೊಬೈಲಿನಲ್ಲಿ ತೆರೆದು, ಹೆಸರುಗಳ ಕಾಡನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನನಗೆ ತೋರಿಸಿದರು. “ಇಲ್ಲಿ, ನೊಣ ಕೂತಂಗ ಐತಲ್ಲ, ಅದು ನಾನು.”

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸಮಾಧಾನವೋ, ಸಂಕಟವೋ, ಏನಾದರೂ ಸಿಕ್ಕೀತೆಂದು. ಬಸ್ಸಿನಲ್ಲಿ ಅವರು ಕಂಡದ್ದೂ ಸಪಾಟಾಗಿಯೇ ಇದ್ದಿದ್ದರೆ ಸುಮ್ಮನೆ ಎಲ್ಲ ಬಿಟ್ಟುಕೊಟ್ಟರು. ಎದ್ದು ನಿಂತಿದ್ದರೆ, ಇದ್ದಿರಬಹುದಾದ ಹೊಸ ಕಣವೊಂದನ್ನು ಬಿಟ್ಟುಕೊಟ್ಟರು. ಯಾವುದು ಹೆಚ್ಚು ದುಃಖ ಎಂದು ನನಗೆ ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ. ಅವರ ಮುಖ ಏನೂ ಹೇಳಲಿಲ್ಲ. ಎರಡು ವರ್ಷದಲ್ಲಿ ಅದಕ್ಕೂ ಕಲಿಸಿಬಿಟ್ಟಿದ್ದರು.

ಮರುವರ್ಷ ಕಾಯಿಲೆ ಬಂತು. ಸರ್ಜಾಪುರದ ಕಡೆ ತಂಗಿಯ ಅಪಾರ್ಟ್‌ಮೆಂಟಿಗೆ ಹೋದರು. ಆಸ್ಪತ್ರೆಗೆ ನೋಡಲು ಹೋದಾಗ ಕೈಗೆ ಸೂಜಿ ಚುಚ್ಚಿದ್ದರು. ಅಪ್ಪನಂತೆ ಅವರೂ ಹಚ್ಚುತ್ತಿದ್ದ ಹಣೆಯ ವಿಭೂತಿ ಮಾತ್ರ ಸ್ವಲ್ಪವೂ ಅಳಿಸಿರಲಿಲ್ಲ. ತಂಗಿ ಹಾಲು ತರಲು ಕೆಳಗೆ ಹೋಗಿದ್ದರು.

“ಡಾಕ್ಟರು ಆರು ತಿಂಗಳು ಅಂದ್ರು. ಕಡ್ಡಿ ಎಷ್ಟುದ್ದ ಅಂತ ಕೇಳಿದೆ. ನನ್ನ ಮಾರಿ ನೋಡಿದ್ರು” ಎಂದು ನಕ್ಕರು.

ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಅವತ್ತು ಕೇಳಿಬಿಟ್ಟೆ. “ಮೇಡಂ, ಈಗಂತೂ ಪ್ರಿಂಟ್ ಆಗೋಯ್ತು. ಆವತ್ತು ಚುಕ್ಕಿ ಎದ್ದಿತ್ತಲ್ವಾ?”

“ನಿಮಗ ಹೆಂಗ ಕಂಡಿತ್ತು?”

“ನಂಗೆ ಚೆನ್ನಾಗಿ ನೆನಪಿದೆ. ಬಲಗಡೆ ಒಂದೆರಡು ಚುಕ್ಕಿ ಮೇಲಕ್ಕೆ ಎದ್ದಿತ್ತು, ಬೆನ್ನು ಗೂನು ಆದಂಗೆ.”

“ಆವತ್ತ ಬಸ್ನ್ಯಾಗ ಕೇಳಿದಾಗ ಏನಂದ್ರಿ?”

ನಾನು ನೆನಪು ಮಾಡಿಕೊಳ್ಳುವ ಮೊದಲು ಅವರೇ ಹೇಳಿದರು. “ಚುಕ್ಕಿ ಕಾಣಿಸ್ತು, ಏನೂ ಅರ್ಥ ಆಗ್ಲಿಲ್ಲ ಅಂದ್ರಿ. ಹಂಗಾದ್ರ ಆ ಚುಕ್ಕಿ ಎದ್ದದ್ದು ಯಾವಾಗ್ರಿ, ಸಾಹೇಬ್ರ?”

ಶೇಂಗಾ ತಿಂದ ದಿನಗಳಲ್ಲಿ ಯಾವಾಗಲೋ ಎದ್ದಿರಬೇಕು. ಅವರ ಖಾಲಿ ಮಡಿಲನ್ನು ನೋಡುತ್ತ ನೋಡುತ್ತ, ಅಷ್ಟು ದೊಡ್ಡ ನಷ್ಟಕ್ಕೆ ಒಂದು ಎದ್ದ ಚುಕ್ಕಿಯಾದರೂ ಕಾರಣವಾಗಿರಲಿ ಎಂದು ನಾನೇ ಎಬ್ಬಿಸಿರಬೇಕು. ಅವರು ಕಣ್ಣು ಮುಚ್ಚಿಕೊಂಡರು. ತಾವು ಕಂಡದ್ದನ್ನು ಹೇಳಲಿಲ್ಲ. ತಂಗಿ ಹಾಲಿನ ಲೋಟ ತಂದರು. ನಾನು ಹಾಲು ಬಹಳ ಬಿಸಿ ಇದೆಯೇನೋ ಎಂದು ಏನೋ ಒಂದು ಹೇಳಿ ಎದ್ದು ಬಂದೆ. ಮತ್ತೆ ನೋಡಲಿಲ್ಲ. ಆರು ತಿಂಗಳು ಎಂದದ್ದು ಮೂರಕ್ಕೇ ಮುಗಿಯಿತು.

ಶಿವಗಣಾರಾಧನೆ ತಂಗಿಯ ಅಪಾರ್ಟ್‌ಮೆಂಟಿನ ಕೆಳಗಿನ ಸಭಾಂಗಣದಲ್ಲಿ ನಡೆಯಿತು. ಫೋಟೋಕ್ಕೆ ಹಾರ ಹಾಕಿದ್ದರು. ಫೋಟೋ ಯಾವುದೋ ಪಾಸ್‌ಪೋರ್ಟಿನದು. ಅದರಲ್ಲಿ ಅವರು ಯಾವತ್ತೂ ಇಲ್ಲದಷ್ಟು ಖಚಿತವಾಗಿ ಕಾಣುತ್ತಿದ್ದರು. ಒಂದು ಮೂಲೆಯ ಕುರ್ಚಿಯಲ್ಲಿ ಕೂತು, ಬೈಕನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದೇನೋ ಎಂದು ಯೋಚಿಸುತ್ತಿದ್ದಾಗ ಕನ್ನಡಕದ ಒಬ್ಬರು ಬಂದು ಪಕ್ಕದಲ್ಲಿ ಕೂತರು. ತಲೆಯ ಮುಂಭಾಗ ಬೋಳಾಗತೊಡಗಿತ್ತು.

“ಸಾರ್, ಆ ಬಸ್ಸಲ್ಲಿ ಮೇಡಂ ಪಕ್ಕ ಕೂತಿದ್ದವ್ರು ನೀವಾ?”

ಅವರೇ ಆ ವಿದ್ಯಾರ್ಥಿ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೌದೆಂದೆ. ಅವರು ಮೊಬೈಲಿನಲ್ಲಿ ಅಚ್ಚಾದ ಚಿತ್ರ ತೆರೆದು ನನ್ನ ಮುಂದೆ ಹಿಡಿದರು. ಸಪಾಟು ಚುಕ್ಕಿಗಳು, ಅವುಗಳ ಕಡ್ಡಿಗಳು.

“ಅಗಲದ್ದನ್ನ ಆರಿಸಿದ್ದು ನಾನು ಸಾರ್. ಮೇಡಂ ನೋಡಿದ್ದು ಎದ್ದಿದ್ರೆ, ಅದನ್ನ ಮಲಗಿಸಿದ್ದು ನಾನೇ. ಪೇಪರ್ ಬಂದ್ಮೇಲೆ ಕಿರಿದನ್ನೂ ಹಾಕಿ ನೋಡ್ದೆ. ಹೊಸದಾಗಿ ಕಲಿಸಿದಾಗೆಲ್ಲ ನೆಟ್‌ವರ್ಕ್ ಒಂದೊಂದು ಥರ ಹೇಳುತ್ತೆ. ಒಂದ್ಸಲ ಸ್ವಲ್ಪ ಎದ್ದಂಗಿರುತ್ತೆ, ಇನ್ನೊಂದ್ಸಲ ಏನೂ ಇರಲ್ಲ. ಮೇಡಂ ಅವತ್ತು ನೋಡಿದ್ದು ಯಾವ್ದು ಅಂತ…” ಮಾತು ಅಲ್ಲಿಗೆ ನಿಲ್ಲಿಸಿ ಮೊಬೈಲನ್ನು ಇನ್ನಷ್ಟು ಹತ್ತಿರ ತಂದರು. “ಅದನ್ನ ನೋಡಿದವ್ರು ಈಗ ನೀವೊಬ್ರೇ ಇರೋದು. ಇಲ್ಲಿ ಹೆಂಗಿತ್ತು ಸಾರ್?”

ಬೆರಳಿಟ್ಟ ಜಾಗ ಬಲಗಡೆಯದೇ. ಎದ್ದಿತ್ತು ಎಂದುಬಿಟ್ಟರೆ ಆಗುತ್ತಿತ್ತು. ಹಾರ ಹಾಕಿದ ಆ ಫೋಟೋಕ್ಕೆ ನಾನು ಕೊಡಬಹುದಾಗಿದ್ದ ಕಾಣಿಕೆ ಅದೊಂದೇ, ಒಂದು ಪದ. ಈ ಮನುಷ್ಯ ಉಳಿದ ಬದುಕೆಲ್ಲ ಅದನ್ನು ಹೊತ್ತು ತಿರುಗುತ್ತಿದ್ದ. ಏನೂ ಇರಲಿಲ್ಲ ಎಂದಿದ್ದರೆ ಹಗುರಾಗಿ ಊಟ ಮಾಡಿ ಹೋಗುತ್ತಿದ್ದ. ಎರಡೂ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಎರಡರಲ್ಲೂ ನಾನು ಕಂಡದ್ದಕ್ಕಿಂತ ನನಗೆ ಬೇಕಾದದ್ದೇ ಹೆಚ್ಚಿತ್ತು. ಅಂಥ ಒಂದು ಪದವನ್ನು ಹೇಳಬಾರದೆಂದೇ ಅಲ್ಲವೇ ಅವರು ಎಲ್ಲವನ್ನೂ ಬಿಟ್ಟು ಶೇಂಗಾ ಸುಲಿಯುತ್ತ ಕೂತದ್ದು.

“ಎದ್ದಿತ್ತು ಅಂತ ನನ್ ನೆನಪು ಹೇಳುತ್ತೆ” ಎಂದೆ. “ಆದ್ರೆ ಕಡ್ಡಿ ಇಷ್ಟುದ್ದ.” ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬಿಡಿಸಿ ತೋರಿಸಿದೆ. ಬಿಡಿಸುವಷ್ಟೂ ಬಿಡಿಸಿದೆ, ನಡುವಿನ ಚರ್ಮ ಎಳೆದು ನೋಯುವಷ್ಟು.

ಅವರು ನನ್ನ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡಿದರು. ಆ ಸಂದನ್ನು ಅವರು ಎಷ್ಟು ವರ್ಷ ಮೇಡಂ ಕೈಯಲ್ಲಿ ನೋಡಿದ್ದರೋ. ಆಮೇಲೆ ಹೇಳಿದರು:

“ಅಷ್ಟುದ್ದ ಅಂದ್ರೆ, ಏನೂ ಇರ್ಲಿಲ್ಲ ಅನ್ನೋದೂ ಅದ್ರೊಳಗೇ ಬಂತು ಸಾರ್.”

“ಬಂತು” ಎಂದೆ.

ಅವರು ಮೊಬೈಲನ್ನು ಜೇಬಿಗಿಟ್ಟುಕೊಂಡರು. ತಂಗಿ ಬಂದು “ಪ್ರಸಾದಕ್ಕ ಏಳ್ರಿ” ಎಂದು ಕರೆದರು. ಇಬ್ಬರೂ ಪಕ್ಕಪಕ್ಕ ಕೂತೆವು. ಎಲೆಗೆ ಹೋಳಿಗೆ ಬಂತು, ತುಪ್ಪ ಬಂತು, ಸಾಕೇ ಎಂದು ಬಡಿಸುವವರು ಕೇಳಿದರು. ಸಾಕೆಂದು ಹೇಳಲು ಕೈ ಎತ್ತಿದಾಗ ಗೊತ್ತಾಯಿತು, ನನ್ನ ಬೆರಳುಗಳು ಇನ್ನೂ ಹಾಗೇ ಬಿಡಿಸಿಕೊಂಡಿದ್ದವು. ಅದನ್ನು ನೋಡಿ, ಇನ್ನೂ ಇಷ್ಟು ಬೇಕೆನ್ನುತ್ತಿದ್ದೇನೆ ಎಂದುಕೊಂಡ ಅವರು ಮತ್ತೊಂದು ಹೋಳಿಗೆ ಹಾಕಿ ಮುಂದೆ ಹೋದರು.